ತೆರೆದ ಬಾಗಿಲು

ಯುದ್ಧದಲ್ಲಿ ಹಡಗು ಮುಳುಗದಂತೆ ಕಾಪಾಡಿದ ಕಮಾಂಡರ್ ಸಾಹೇಬರ ಹೆಸರನ್ನು ನಮ್ಮೂರ ಬಂದರು ರಸ್ತೆಗೆ ಇಟ್ಟರು. ನಿವೃತ್ತರಾದ ಮೇಲೆ ಅವರು ಆ ರಸ್ತೆಯಲ್ಲೇ ಒಬ್ಬರೇ ಇದ್ದರು. ಎಂಥ ಗಾಳಿ ಬೀಸಿದರೂ ಮನೆಯ ಬಾಗಿಲು ಮುಚ್ಚುತ್ತಿರಲಿಲ್ಲ.

ಆ ತೆರೆದ ಬಾಗಿಲಿನಿಂದಲೇ ಮೀನು ಮಾರುವ ತುಳಸಿ ಕತ್ತಿ ಹಿಡಿದು ಒಳಗೆ ಬಂದಳು.

"ರಸ್ತೆಗೆಲ್ಲ ನಿಮ್ ಹೆಸ್ರು, ಸಾಯ್ಬ್ರೆ. ನಿಮ್ ಹಡಗಲ್ಲಿದ್ದ ನನ್ ತಮ್ಮ ಸೋಮನ ಹೆಣನೂ ನಮ್ಗೆ ಸಿಗ್ಲಿಲ್ಲ."

"ಹಡಗಿನ ಪಕ್ಕ ಒಡೆದು ನೀರು ನುಗ್ಗಿತ್ತು, ತಂಗೀ. ಅವನಿದ್ದ ಕೋಣೆಯ ಕಬ್ಬಿಣದ ಬಾಗಿಲು ಹಾಕದಿದ್ರೆ ಎಲ್ಲರೂ ಸಾಯ್ತಿದ್ರು. ನಾನೇ ಹಾಕಿದೆ."

"ಒಳಗಿಂದ ಬಡದ್ನಾ?"

"ಬಡಿದ."

"ನೀವೇನ್ ಮಾಡ್ದ್ರಿ?"

"ಸದ್ದು ನಿಲ್ಲೋವರೆಗೂ ಹೊರಗೆ ಕೂತಿದ್ದೆ. ಕಡಿ, ತಂಗೀ." ಸಾಹೇಬರು ಕುತ್ತಿಗೆ ಒಡ್ಡಿದರು.

ಕತ್ತಿ ಹೆಗಲಿಗೆ ಬಿತ್ತು. ರಕ್ತ ಗೋಡೆಗೆ ಚಿಮ್ಮಿತು. ಅವರು ಕೂಗಲಿಲ್ಲ. ಎರಡನೇ ಏಟಿಗೆ ಎತ್ತಿದ ಕೈಯನ್ನು ತುಳಸಿ ಇಳಿಸಿದಳು. ಹೊರಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದಳು.

ಒಳಗಿನಿಂದ ಬಾಗಿಲು ಬಡಿಯುವ ಸದ್ದು ಶುರುವಾಯಿತು.

"ತಂಗೀ, ಬಾಗಿಲು ತೆಗಿ! ಒಳಗೆ ಬಂದು ಕಡಿ!"

ಸದ್ದು ನಿಲ್ಲುವವರೆಗೂ ತುಳಸಿ ಮೆಟ್ಟಿಲ ಮೇಲೆ ಕೂತಿದ್ದಳು.