ನೀರಿನಲ್ಲಿ ಇಬ್ಬರು

"ನೀರಲ್ಲಿ ಇಬ್ಬರಿದ್ದಾರೆ," ಎಂದ ಕರ್ಟ್.

ಆರ್ಡಿಸ್ ಕೌಂಟರಿನ ಮೇಲಿದ್ದ ಗಾಜಿನ ನಳಿಕೆಯನ್ನೇ ನೋಡಿದಳು. ತನ್ನ ಹಿತ್ತಲಿನ ಹಾಟ್ ಟಬ್ಬಿನಿಂದ, ಅಂದರೆ ಮೈ ಕಾಯಿಸಿಕೊಳ್ಳಲು ಕೂರುವ ಬಿಸಿನೀರಿನ ತೊಟ್ಟಿಯಿಂದ, ಜಾಮ್ ಬಾಟಲಿಯಲ್ಲಿ ತುಂಬಿ ತಂದ ನೀರು ಅದು. ಪರೀಕ್ಷೆಯ ಹನಿ ಬಿದ್ದಾಗ ಗುಲಾಬಿ ಬಣ್ಣಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ಹಾಕಿದ ಕ್ಲೋರಿನ್ನೆಲ್ಲ ಮುಗಿದುಹೋಗಿತ್ತು.

"ನಾನೊಬ್ಬಳೇ ಇಳಿಯೋದು. ನಮ್ಮ ಯಜಮಾನ್ರು ರೋಲಂಡ್ ಹೋಗಿ ನಾಲ್ಕು ವರ್ಷ ಆಯ್ತು."

"ಅದು ನೀವು ಹೇಳೋದು ಮೇಡಂ. ನೀರು ಹೇಳೋದೇ ಬೇರೆ. ಒಬ್ಬರ ಬೆವರಿಗೆ ಇಷ್ಟು ಕ್ಲೋರಿನ್ ಖರ್ಚಾಗಲ್ಲ." ಕರ್ಟ್ ಫಾರ್ಗೊ ನಗರದಿಂದ ಬಂದು ಟಬ್ಬಿನ ಸಾಮಾನಿನ ಈ ಅಂಗಡಿ ತೆರೆದು ಒಂದು ವರ್ಷವಾಗಿತ್ತಷ್ಟೆ. ಊರಿನ ಜನಕ್ಕಿಂತ ಊರಿನ ನೀರೇ ಅವನಿಗೆ ಹೆಚ್ಚು ಪರಿಚಯ. "ಮುಚ್ಚಳಕ್ಕೆ ಬೀಗ ಕೊಡ್ಲಾ?"

"ಮೊದಲು ಯಾರು ಅಂತ ಗೊತ್ತಾಗಲಿ."

ಅನುಮಾನ ಅವಳಿಗೂ ಇತ್ತು. ದಿನವೂ ಶಾಲೆಯ ಹಳದಿ ಬಸ್ಸು ಓಡಿಸುತ್ತಿದ್ದ ಅವಳು ಮಂಗಳವಾರ, ಗುರುವಾರ ಮಧ್ಯಾಹ್ನ ಮನೆಗೆ ಬಂದರೆ ಟಬ್ಬಿನ ಮುಚ್ಚಳದ ಕೊಂಡಿ ತಿರುವುಮುರುವಾಗಿ ಸಿಕ್ಕಿರುತ್ತಿತ್ತು. ಆ ಗುರುವಾರ ಸಾಕ್ಷಿಯೂ ಸಿಕ್ಕಿತು. ಮರದ ಹಲಗೆಯ ಮೇಲೆ ಒದ್ದೆ ಹೆಜ್ಜೆಗಳು ಹೆಪ್ಪುಗಟ್ಟಿ ಗಾಜಿನಂತಾಗಿದ್ದವು. ಬಲಗಾಲು ಸರಿಯಾಗಿ ಊರಿತ್ತು, ಎಡಗಾಲು ಎಳೆದಿತ್ತು. ಪಕ್ಕದಲ್ಲಿ ಊರುಗೋಲಿನ ದುಂಡು ಗುರುತು. ಹೆಜ್ಜೆಗಳು ಬೇಲಿಯ ಸೀಡರ್ ಗಿಡಗಳ ಸಂದಿಗೆ ಹೋಗಿದ್ದವು.

ಬೇಲಿಯಾಚೆ ಬರ್ನೀಸ್‌ಳ ಮನೆ.

ಇಬ್ಬರೂ ಮಾತು ಬಿಟ್ಟು ಆರು ವರ್ಷ. ಒಂದು ಶವಸಂಸ್ಕಾರದ ಊಟದಲ್ಲಿ, ಊರವರು ಹಾಟ್‌ಡಿಶ್ ಎನ್ನುವ ಆಲೂಗಡ್ಡೆಯ ಖಾದ್ಯವನ್ನು ಯಾರು ಮಾಡಬೇಕಿತ್ತು ಎಂದು ಶುರುವಾದ ಮಾತು ಹಿಂತೆಗೆದುಕೊಳ್ಳಲಾಗದ ಕಡೆ ಹೋಗಿ ನಿಂತಿತ್ತು. ಆದರೂ ಹಿಮ ಬಿದ್ದ ಮುಂಜಾನೆ ಆರ್ಡಿಸ್ ತನ್ನ ಕಾಲುದಾರಿಯ ಜೊತೆಗೆ ಬರ್ನೀಸ್‌ಳದನ್ನೂ ಸಲಿಕೆಯಿಂದ ಬಳಿದುಹಾಕುತ್ತಿದ್ದಳು. ಆ ಊರಿನಲ್ಲಿ ಅದಕ್ಕೆ ಮಾತು ಬೇಕಿಲ್ಲ, ಸ್ನೇಹವೂ ಬೇಕಿಲ್ಲ.

ಹೆಪ್ಪುಗಟ್ಟಿದ ಹೆಜ್ಜೆಗಳನ್ನು ಮಾತ್ರ ಅವಳು ಬಳಿಯಲಿಲ್ಲ. ತುಳಿಯದಂತೆ ಸುತ್ತು ಹಾಕಿ ಓಡಾಡಿದಳು.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಯಥಾಪ್ರಕಾರ ಬರ್ನೀಸ್ ಆ ತುದಿಯ ಮೇಜಿನಲ್ಲಿ, ಆರ್ಡಿಸ್ ಈ ತುದಿಯಲ್ಲಿ. ಸಕ್ಕರೆಗೆ ಕೈ ಚಾಚಿದಾಗ ಬರ್ನೀಸ್‌ಳ ಶಾಲು ಜಾರಿತು. ಕಿವಿಯ ಕೆಳಗಿನಿಂದ ಭುಜದವರೆಗೆ ಕೆಂಪು ದದ್ದು. ಆರ್ಡಿಸ್ ಕಾಫಿ ಆರಿಹೋಗುವ ತನಕ ಅದನ್ನೇ ನೋಡಿದಳು.

ಸೋಮವಾರ ಬೆಳಗ್ಗೆ ಕರ್ಟ್ ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮುಂದೆ ನಿಂತಿದ್ದಳು.

"ಕ್ಲೋರಿನ್ನಿಂದ ದದ್ದು ಏಳುತ್ತಾ?"

"ಕೆಲವರಿಗೆ ಏಳುತ್ತೆ." ಕರ್ಟ್ ನಕ್ಕ. "ಹಾಗಿದ್ರೆ ಬೀಗ ಯಾಕೆ ಮೇಡಂ? ಇನ್ನೆರಡು ಚಮಚ ಜಾಸ್ತಿ ಸುರೀರಿ. ಚರ್ಚಲ್ಲಿ ಯಾರು ಪರಪರ ಕೆರ್ಕೊಳ್ತಾರೋ ಅವರೇ ನಿಮ್ಮ ಕಳ್ಳ!"

"ದದ್ದು ಎದ್ದಿರೋದನ್ನ ನೋಡಾಯ್ತು."

"ಅಬ್ಬಬ್ಬಾ! ನೀವು ಬಸ್ ಬಿಟ್ಟು ಪೊಲೀಸ್ ಜೀಪ್ ಓಡಿಸ್ಬೇಕಿತ್ತು."

ಅವಳು ನಗಲಿಲ್ಲ. "ಕ್ಲೋರಿನ್ ಬಿಟ್ರೆ ಬೇರೇನಿದೆ?"

"ಬ್ರೋಮಿನ್ ಬಿಲ್ಲೆ. ತೇಲೋ ಡಬ್ಬೀಲಿ ಹಾಕಿ ಬಿಟ್ರೆ ತಾನಾಗೇ ಕರಗುತ್ತೆ. ಬಿಸಿನೀರಲ್ಲಿ ಬಾಳಿಕೆ ಜಾಸ್ತಿ. ಆದ್ರೆ ಕ್ಲೋರಿನ್ ಆಗದವರಲ್ಲಿ ಕೆಲವರಿಗೆ ಅದೂ ಆಗಲ್ಲ."

"ಆ ನೀಲಿ ಬಾಟಲಿ?"

"ಅದು ಅವೆರಡೂ ಅಲ್ಲ. ತುಂಬಾ ರಗಳೆ, ಬೇಡಿ. ಹಳೇ ನೀರನ್ನ ಒಂದು ತೊಟ್ಟೂ ಉಳೀದಂಗೆ ಖಾಲಿ ಮಾಡ್ಬೇಕು, ಪೈಪ್ ತೊಳೀಬೇಕು, ಆಮೇಲೂ ವಾರಾವಾರ ಉಪಚಾರ. ಈ ಚಳೀಲಿ ಯಾಕೆ? ನಿಮ್ಮ ಮೈಗೆ ಕ್ಲೋರಿನ್ ಒಗ್ಗಿದೆಯಲ್ಲ?"

"ವಾಸನೆ?"

"ಏನೂ ಇಲ್ಲ. ನೀರಲ್ಲಿ ಇದೆ ಅಂತಾನೇ ಗೊತ್ತಾಗಲ್ಲ."

"ಅದೇ ಕೊಡು."

"ಬೀಗ?"

"ಬೇಡ. ತೆರೆದೇ ಇರಲಿ."

ಕರ್ಟ್ ಬಾಟಲಿಯನ್ನು ಚೀಲಕ್ಕಿಳಿಸುವಾಗ ಒಮ್ಮೆ ಅವಳ ಮುಖ ನೋಡಿದ.

ಅಂದಿನ ಬಸ್ಸಿಗೆ ರಜೆ ಹಾಕಿ ಆರ್ಡಿಸ್ ಟಬ್ ಖಾಲಿ ಮಾಡಿದಳು. ಹಿಮದ ಮೇಲೆ ಹರಿದ ಬಿಸಿನೀರಿನ ಹಬೆ ಹಿತ್ತಲನ್ನೆಲ್ಲ ಹೊಗೆಯಂತೆ ಮುಚ್ಚಿತು. ಪೈಪು ತೊಳೆದಳು. ಐದು ಜನರ ಟಬ್ಬಿನೊಳಗೆ ಮಂಡಿಯೂರಿ ಐದೂ ಆಸನ ಉಜ್ಜಿದಳು. ಅವುಗಳಲ್ಲಿ ಒಂದಷ್ಟೇ ಸವೆದಿತ್ತು. ಕೈಬೆರಳು ಮರಗಟ್ಟಿದವು. ಹೊಸ ನೀರು ತುಂಬಿ, ನೀಲಿ ದ್ರವವನ್ನು ಎರಡೆರಡು ಸಲ ಅಳೆದು ಸುರಿದಳು.

ಮಂಗಳವಾರ ತನ್ನ ಪಾಳಿಯನ್ನು ಬೇರೆಯವರಿಗೆ ಒಪ್ಪಿಸಿದಳು. ಕಾರನ್ನು ಬಸ್ ಡಿಪೋದಲ್ಲೇ ಬಿಟ್ಟು ಹಿಂದಿನ ಓಣಿಯಿಂದ ನಡೆದು ಬಂದಳು. ದೀಪ ಹಾಕಲಿಲ್ಲ. ಫೋನು ಹಿಡಿದು ಅಡುಗೆಮನೆಯ ಪರದೆಯ ಹಿಂದೆ ನಿಂತಳು.

ಎರಡೂಕಾಲಿಗೆ ಸೀಡರ್ ಗಿಡ ಅಲುಗಿತು.

ನಿಲುವಂಗಿ, ಹಿಮದ ಬೂಟು, ಊರುಗೋಲು. ಬರ್ನೀಸ್ ಕೊಂಡಿ ಬಿಚ್ಚಿ ಮುಚ್ಚಳ ಸರಿಸಿದಳು. ನೀರಿಗೆ ಕೈ ಅದ್ದಿದವಳು ತಡೆದು ನಿಂತಳು. ಕೈಯನ್ನು ಮೂಗಿನ ಬಳಿ ತಂದಳು. ಇನ್ನೊಮ್ಮೆ ಅದ್ದಿ, ಇನ್ನೊಮ್ಮೆ ಮೂಸಿದಳು. ಆಮೇಲೆ ನಿಧಾನವಾಗಿ ತಲೆ ಎತ್ತಿ ಅಡುಗೆಮನೆಯ ಕಿಟಕಿಯನ್ನೇ ನೋಡಿದಳು.

ಬರ್ನೀಸ್ ಓಡಲಿಲ್ಲ. ಶಾಲು, ನಿಲುವಂಗಿ ತೆಗೆದು ಕಂಬಿಗೆ ಹಾಕಿದಳು. ನೀರಿಗಿಳಿದು, ಎಲ್ಲ ಆಸನಗಳೂ ಖಾಲಿಯಿದ್ದರೂ ಒಂದು ಮೂಲೆಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು.

ಆರ್ಡಿಸ್ ಫೋನನ್ನು ಮೇಜಿನ ಮೇಲಿಟ್ಟು ತನ್ನ ಈಜುಡುಗೆ ಹುಡುಕಲು ಹೋದಳು.

ಚಿಕ್ಕಂದಿನಲ್ಲಿ, ಈಜುಕೊಳದಿಂದ ಬಂದ ಪ್ರತಿ ಬೇಸಿಗೆಯ ಸಂಜೆಯೂ, ಅಮ್ಮ ಕಾಸಿಕೊಟ್ಟ ಓಟ್ಸ್ ಗಂಜಿಯನ್ನು ತಂಗಿ ಬರ್ನೀಸ್‌ಳ ದದ್ದೆದ್ದ ಕತ್ತಿಗೆ ಹಚ್ಚುತ್ತಿದ್ದವಳು ಅವಳೇ.