ಕನಝಾವಾದ ಫೋಟೋಗಳು

“ಇಷ್ಟು ಫೋಟೋದಲ್ಲಿ ನೀವೇ ಇಲ್ವಲ್ರೀ ಯಾಮಿನಿ?” ಎಂದು ಊಟಕ್ಕೆ ಬಂದಿದ್ದ ಪ್ರತಿಭಾ ಕೇಳಿದಾಗ, ಕೊಲ್ಲಿ ನಾಡಿನ ಫಿಂಟಾಸ್ ಊರಿನ ಅವರ ಫ್ಲ್ಯಾಟಿನ ಟಿವಿಯಲ್ಲಿ ಯಾಮಿನಿಯ ಗಂಡ ಸುದರ್ಶನ ಜಪಾನಿನ ಕನಝಾವಾ ಊರಿನ ಕುಂಬಾರನೊಬ್ಬನ ಪಕ್ಕ ಹಲ್ಲುಕಿರಿದು ನಿಂತಿದ್ದ. ಟಿವಿಯ ಮುಂದೆಯೂ ಅವನೇ, ಆ ಕುಂಬಾರನಂತೆ ಮೂರು ಮೂರು ಸಲ ನಡು ಬಗ್ಗಿಸಿ, ಊಟಕ್ಕೆ ಬಂದ ಗೆಳೆಯರನ್ನೆಲ್ಲ ನಗಿಸುತ್ತಿದ್ದ. ಚಿನ್ನದ ರೇಕು ಬಡಿಯುವವರು, ಅರಗಿನ ಮೆರುಗಿನ ಮರದ ಬಟ್ಟಲಲ್ಲಿ ಹೊಗೆಯಾಡುವ ಸಾರು, ಹೂವಿನಂಥ ಸಿಹಿತಿಂಡಿ ಎಲ್ಲ ಆಗಲೇ ತೆರೆಯ ಮೇಲೆ ಬಂದುಹೋಗಿದ್ದವು.

“ಕ್ಯಾಮೆರಾ ಅವಳ ಕೈಲಿತ್ತು,” ಎಂದ ಸುದರ್ಶನ.

“ಇಲ್ಲ,” ಎಂದಳು ಯಾಮಿನಿ. ಆ ದನಿ ಅವಳಿಗೇ ಹೊಸದಾಗಿತ್ತು. “ಅಲ್ಲಿ ಸಾರಿಗೂ ಮೀನು ಹಾಕ್ತಾರೆ ಅಂತ ಇವರು ಹೊರಗೆ ಏನೂ ಮುಟ್ಟಲಿಲ್ಲ. ನಾಲ್ಕು ದಿನವೂ ಇವರು ಊರು ಸುತ್ತಿ ಹಸಿದು ಬರೋ ಹೊತ್ತಿಗೆ ನಾನು ಹೋಟೆಲ್ ಬಾತ್‌ರೂಮಲ್ಲಿ ಕರೆಂಟ್ ಕುಕ್ಕರ್ ಇಟ್ಕೊಂಡು ಕೂತಿರ್ತಿದ್ದೆ. ಒಗ್ಗರಣೆ ಹೊಗೆಗೆ ಅಲಾರಂ ಕೂಗದ ಹಾಗೆ ಟವೆಲ್ ಬೀಸ್ತಾ. ನನಗೂ ಆ ಊರು ನೋಡ್ಬೇಕಿತ್ತು.”

ಮರುಗಳಿಗೆಯೇ ಸುದರ್ಶನ ಅಲಾರಮ್ಮಿನಂತೆ ಕಿರುಚಿ, ಇಲ್ಲದ ಟವೆಲನ್ನು ಗಾಳಿಗೆ ಬೀಸಿ ತೋರಿಸಿದ. ಪ್ರತಿಭಾ ಕೂಡ ಬಿದ್ದುಬಿದ್ದು ನಕ್ಕಳು. ನಗು ಇಳಿದ ಮೇಲೆ ಅವನು ಹೆಂಡತಿಯ ಹೆಗಲು ತಟ್ಟಿ, ನಿಜವಾದ ಅಕ್ಕರೆಯಿಂದಲೇ ಹೇಳಿದ: “ಪಾಪ, ಚಿಕ್ಕ ಕುಕ್ಕರಲ್ಲಿ ಕಷ್ಟಪಟ್ಲು. ಮುಂದಿನ ವರ್ಷ ಕ್ಯೋಟೋಗೆ ದೊಡ್ಡದು ತಗೊಂಡು ಹೋಗ್ತೀವಿ.”