ಏಳನೇ ಮಂಚದ ಬೆಡ್‌ಶೀಟು

ಮೇಲಿನ ಹೆರಿಗೆ ವಾರ್ಡಿನ ಏಳನೇ ಮಂಚದ ಮೂರನೇ ಬೆಡ್‌ಶೀಟು ಕೆಳಗೆ ಬಂದಾಗ ಇನ್ನೂ ಮಧ್ಯಾಹ್ನದ ಊಟದ ಹೊತ್ತಾಗಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಸೋಪಕ್ಕ ಗಂಟು ಬಿಚ್ಚಿದವಳು ಅದನ್ನು ತೊಟ್ಟಿಗೆ ಹಾಕಲಿಲ್ಲ. ಮೂಲೆಯಲ್ಲಿ ಕೆಂಪು ನೂಲಿನಿಂದ ಹೊಲಿದ ಮಂಚದ ನಂಬರನ್ನು ಎರಡು ಸಲ ನೋಡಿದಳು. ಬೆಳಗ್ಗೆ ಬಂದು ಇನ್ನೂ ನೆನೆಹಾಕದೆ ಬಿದ್ದಿದ್ದ ರಾಶಿ ಕೆದಕಿ, ಅದೇ ನಂಬರಿನ ಇನ್ನೆರಡನ್ನು ಎಳೆದು ಪಕ್ಕದಲ್ಲಿ ಹಾಸಿದಳು. ಮೊದಲನೆಯದರ ರಕ್ತದ ಕಲೆ ತಟ್ಟೆಯಗಲ. ಎರಡನೆಯದು ಅರ್ಧ ಶೀಟಿಗೆ ಹಬ್ಬಿತ್ತು. ಮೂರನೆಯದರಲ್ಲಿ ಬಿಳಿ ಜಾಗ ಹುಡುಕಬೇಕಿತ್ತು.

"ತಾತ, ಹೀಗೇ ಬಿಟ್ರೆ ಈ ಹೆಂಗಸು ಉಳಿಯಲ್ಲ."

ಇಸ್ತ್ರಿ ತಾತ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ. "ಮೇಲೆ ಅಷ್ಟು ಜನ ಓದಿದೋರು ಇದಾರಲ್ಲಮ್ಮ. ಅವರಿಗೆ ಕಾಣಲ್ವಾ?"

"ಒಬ್ಬೊಬ್ಬ ಆಯಾ ಒಂದೊಂದು ಬದಲಾಯಿಸಿರ್ತಾಳೆ. ಅವಳ ಕಣ್ಣಿಗೆ ಬಿದ್ದಿದ್ದು ಒಂದೇ. ಮೂರೂ ಒಟ್ಟಿಗೆ ಬರೋದು ನನ್ನ ಹತ್ರ ಮಾತ್ರ."

"ಸರಿ, ನಾನು ಹೋಗಿ ಹೇಳ್ತೀನಿ. ನೀನಂತೂ ಆ ಮೆಟ್ಟಿಲು ಹತ್ತೋಳಲ್ಲ."

"ನಿನ್ನ ಮಂಡಿಗೆ ಲಿಫ್ಟೇ ಬೇಕು. ಆ ಲಿಫ್ಟು ಬರೋ ಹೊತ್ತಿಗೆ ಅವಳ ಮಗು ಶಾಲೆಗೆ ಹೋಗ್ತಿರತ್ತೆ," ಅನ್ನುತ್ತಾ ಸೋಪಕ್ಕ ಮೂರನ್ನೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ತಾತ ಹೇಳಿದ್ದು ಸುಳ್ಳಲ್ಲ. ಇಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿದ್ದರೂ ಅವಳು ಆ ಇಪ್ಪತ್ತೆರಡು ಮೆಟ್ಟಿಲು ಹತ್ತಿದವಳಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಮೇಲಿನ ವಾರ್ಡಿನಲ್ಲೇ ಅವಳ ಹೆರಿಗೆ ಆಗಿತ್ತು. ಬೆನ್ನ ಕೆಳಗೆಲ್ಲಾ ಒದ್ದೆ ಆಗ್ತಿದೆ ಅಂತ ಅವತ್ತು ಎಷ್ಟು ಸಲ ಹೇಳಿದ್ದಳೋ. ಎಲ್ಲರಿಗೂ ಆಗೋದೇ, ಸುಮ್ನೆ ಮಲಕೋ ಅಂದಿದ್ದರು. ಕಣ್ಣು ಬಿಟ್ಟಾಗ ಮೂರು ದಿನ ಕಳೆದಿತ್ತು, ಗರ್ಭಚೀಲ ತೆಗೆದಾಗಿತ್ತು. ನೋಡೋಕೆ ಬಂದವರೆಲ್ಲಾ ಮಗುವಿನ ಕೆನ್ನೆ ಹಿಂಡಿ, ಗುಂಡಗಿದೆ, ಇನ್ನೇನು ಬೇಕು ಅಂದು ಹೋದರು.

ವಾರ್ಡಿನ ಬಾಗಿಲಲ್ಲಿ ಫಿನಾಯಿಲ್ ವಾಸನೆ ಮೂಗಿಗೆ ಹೊಡೆದಾಗ ಅವಳ ಕಾಲು ನಿಂತೇ ಹೋಯಿತು. ಅದೇ ಹಸಿರು ಗೋಡೆ. ಕಂಕುಳಲ್ಲಿದ್ದ ಗಂಟನ್ನು ಎದೆಗೆ ಒತ್ತಿಕೊಂಡು, ಕಾಲಿಗೆ ಬೈದು, ಒಳಗೆ ನಡೆದಳು.

ದೊಡ್ಡ ಸಿಸ್ಟರ್ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ. "ಬಟ್ಟೆ ಅಲ್ಲಿಡು."

"ಇದು ಒಗೆದಿದ್ದಲ್ಲ ಸಿಸ್ಟರ್. ಏಳನೇ ಮಂಚದೋಳನ್ನ ಒಂದ್ಸಲ ಎದ್ದು ನೋಡಿ."

"ಹೆರಿಗೆ ಅಂದ್ಮೇಲೆ ರಕ್ತ ಹೋಗದೆ ಇರತ್ತಾ? ಎಲ್ಲರಿಗೂ ಆಗೋದೇ. ನಿನ್ನ ಕೆಲಸ ನೋಡ್ಕೋ, ಹೋಗು."

ಸೋಪಕ್ಕ ಗಂಟು ಬಿಚ್ಚಿದಳು. ತೆರೆದ ಪುಸ್ತಕದ ಮೇಲೆ, ಪೆನ್ನಿನ ಮೇಲೆ, ಸಿಸ್ಟರ್ ಕೈ ಮೇಲೆ, ಮೂರನ್ನೂ ಒಂದರ ಮೇಲೊಂದು ಹಾಸಿದಳು.

"ನನ್ನ ಕೆಲಸಾನೇ ನೋಡ್ತಿದೀನಿ. ಬೆಳಗ್ಗೆಯಿಂದ ಇದು ಮೂರನೇದು. ನಾಲ್ಕನೇದು ನಾನು ಒಗೆಯಲ್ಲ."

ಬೈಯಲು ಬಾಯಿ ತೆಗೆದಿದ್ದ ಸಿಸ್ಟರ್ ಒಂದು ಮೂಲೆ ನೋಡಿದರು, ಇನ್ನೊಂದು ಮೂಲೆ ನೋಡಿದರು. ಮೂರರಲ್ಲೂ ಏಳು. ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಡಾಕ್ಟರು ಬಂದು, ಬಾಟಲಿ ತೂಗುಹಾಕಿ, ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವ ಗಾಡಿ ಬರುವವರೆಗೆ ಸೋಪಕ್ಕ ಆ ಮಂಚ ಬಿಟ್ಟು ಕದಲಲಿಲ್ಲ. ಅದರ ಮೇಲಿದ್ದ ಬಾಣಂತಿ ಹುಡುಗಿಯ ಕೈ ಹಿಡಿದೇ ಇದ್ದಳು. ಮಗುವನ್ನೆತ್ತಿಕೊಂಡಿದ್ದ ಅವಳ ಅತ್ತೆ, "ಅಳಬೇಡಮ್ಮ, ನೋಡು, ಮಗು ಎಷ್ಟು ಗುಂಡಗಿದೆ," ಅನ್ನುತ್ತಿದ್ದರು.

"ಮಗು ಗುಂಡಗಿರೋದು ಅವಳಿಗೂ ಗೊತ್ತಮ್ಮ," ಅಂದಳು ಸೋಪಕ್ಕ. ಆಮೇಲೆ ಬಗ್ಗಿ ಹುಡುಗಿಯ ಕಿವಿಯ ಹತ್ತಿರ, "ನಿಂಗೇನಾಯ್ತು, ಅದನ್ನ ಹೇಳು," ಅಂದಳು.

ಅಷ್ಟರಲ್ಲಿ ಗಾಡಿ ಬಂದು ಮಂಚಕ್ಕೆ ತಾಗಿತು.

"ಆಮೇಲೆ ಹೇಳುವೆಯಂತೆ. ನಾನು ಕೆಳಗಡೆ ಬಟ್ಟೆ ಒಗೀತಿರ್ತೀನಿ. ಎಲ್ಲಿಗೂ ಹೋಗಲ್ಲ."

ಹುಡುಗಿ ಉಳಿದಳು. ಮಾರನೇ ದಿನ ಮೆಟ್ಟಿಲ ಬುಡದಲ್ಲಿ ಒಂದು ಕಾಗದ ಅಂಟಿಸಿದ್ದರು. ತಾತ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದ: "ಬಟ್ಟೆ ಒಗೆಯುವವರು ವಾರ್ಡಿಗೆ ಬರಕೂಡದು." ಕನ್ನಡಕ ತೆಗೆದು, "ಒಳ್ಳೇ ಬಹುಮಾನ ಸಿಕ್ತು ಕಣಮ್ಮ ನಿಂಗೆ," ಅಂದ.

"ಸರಿಯಾಗಿ ನೋಡು ತಾತ. ಮೇಲಿನೋರು ಕೆಳಗೆ ಇಳೀಬಾರದು ಅಂತ ಏನಾದ್ರೂ ಬರ್ದಿದೆಯಾ?"

"ಅದಿಲ್ಲ."

"ಹಾಗಾದ್ರೆ ಅದರ ಪಾಡಿಗೆ ಅದು ಇರ್ಲಿ ಬಿಡು."

ಅವತ್ತೇ ಅವಳು ಒಣಗಿದ ಬಟ್ಟೆಯ ಗಂಟುಗಳನ್ನು ನೀರು ಕಾಯಿಸುವ ಬಾಯ್ಲರಿನ ಬೆಚ್ಚಗಿನ ಗೋಡೆಗೆ ಒರಗಿಸಿ, ಕೂರಲು ಆಗುವಂತೆ ಸಾಲಾಗಿ ಇಟ್ಟಳು. ಏನಾದ್ರೂ ಹೇಳಿಕೊಳ್ಳಬೇಕು ಅನ್ನಿಸಿದೋರಿಗೆ ಕೆಳಗೊಂದು ಬೆಚ್ಚಗಿನ ಜಾಗ ಇದೆ ಅಂತ ಆಯಾ ಕೈಯಲ್ಲಿ ಮೇಲಕ್ಕೆ ಹೇಳಿ ಕಳಿಸಿದಳು. ದಿನಾ ಬೆಳಗ್ಗೆ ಗಂಟುಗಳನ್ನು ತಟ್ಟಿ ಸರಿಮಾಡುತ್ತಿದ್ದಳು. ಯಾರೂ ಬರಲಿಲ್ಲ. ಎಂಟು ದಿನ ಹಾಗೇ ಹೋಯಿತು.

ಒಂಬತ್ತನೇ ದಿನ ಏಳನೇ ಮಂಚದವಳು ಇಳಿದು ಬಂದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕಂಬಿಯ ಮೇಲೆ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಗಂಟಿನ ಮೇಲೆ ಕೂತು, ಬೆನ್ನನ್ನು ಬೆಚ್ಚಗಿನ ಗೋಡೆಗೆ ಒರಗಿಸಿದಳು.

"ಅವತ್ತು ಕೇಳಿದ್ರಲ್ಲ ಸೋಪಕ್ಕ. ಈಗ ಹೇಳ್ತೀನಿ."

ಸೋಪಕ್ಕ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಎದುರಿಗೆ ಕೂತಳು. ತಾತ ಇಸ್ತ್ರಿಪೆಟ್ಟಿಗೆ ಆರಿಸಿ ಹೊರಗೆ ಹೋದ. ನೀರಿನ ಸದ್ದು ನಿಂತಾಗ ಮೇಲಿನ ಮೆಟ್ಟಿಲಲ್ಲಿ ಇನ್ನೊಂದು ಜೊತೆ ಚಪ್ಪಲಿಯ ಸಪ್ಪಳ ಕೇಳಿಸಿತು. ಇನ್ನೊಬ್ಬ ಬಾಣಂತಿ ಯಾರೋ ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ಆ ಕಾಗದದ ಕಡೆಗೆ ಇಳಿದು ಬರುತ್ತಿದ್ದಳು.